ಸೊರಗದೆ ನಿಂತದ್ದು

ಸಂಶೋಧನಾ ಕೇಂದ್ರದಲ್ಲಿ ಅವಳಿಗೆ ಬಿದ್ದಿದ್ದ ಅಡ್ಡಹೆಸರು ಕೊಲೆಗಾತಿ. ಬೆನ್ನ ಹಿಂದೆ ಅಲ್ಲ, ಎದುರಿಗೇ ಕರೆಯುತ್ತಿದ್ದರು. ಅವಳೂ ತಲೆ ಎತ್ತದೆ ಓಗೊಡುತ್ತಿದ್ದಳು. ಆ ಕಟ್ಟಡದಲ್ಲಿ ಉಳಿದವರಿಗೆಲ್ಲ ಗಿಡ ಬೆಳೆಸುವ ಕೆಲಸವಾದರೆ ಅವಳಿಗೆ ಗಿಡ ಕೊಲ್ಲುವ ಕೆಲಸ. ಟೊಮೆಟೊ ಸಸಿ ನಾಲ್ಕೆಲೆ ಬಿಟ್ಟು ಇನ್ನೇನು ಮೈದುಂಬಿಕೊಳ್ಳಬೇಕು ಅನ್ನುವಾಗ ಅದರ ಬುಡದಲ್ಲಿ ಚಾಕು ಇಳಿಸಿ, ಬೇರಿಗೆ ಸಣ್ಣ ಗಾಯ ಮಾಡಿ, ಸೊರಗು ರೋಗದ ದುಂಡಾಣು, ಅಂದರೆ ಬ್ಯಾಕ್ಟೀರಿಯಾ, ಬೆರೆಸಿದ ನೀರು ಹುಯ್ಯುವಳು. ಆಮೇಲೆ ಹಸಿರುಮನೆಯ ಧಗೆಯಲ್ಲಿ ಕಾಯುವಳು.

ಸೊರಗು ರೋಗ ತಗಲಿದ ಗಿಡಕ್ಕೆ ಚುಕ್ಕೆ ಬೀಳುವುದಿಲ್ಲ, ಎಲೆ ಹಳದಿಯಾಗಲು ಪುರಸೊತ್ತೇ ಇರುವುದಿಲ್ಲ. ಬೆಳಿಗ್ಗೆ ನೆಟ್ಟಗಿದ್ದದ್ದು ಮಧ್ಯಾಹ್ನ ತಲೆ ಬಾಗಿಸುತ್ತದೆ. ಸಂಜೆಯ ತಂಪಿಗೆ ಚೇತರಿಸಿಕೊಂಡಂತೆ ಕಾಣುತ್ತದೆ. ಮರುದಿನ ಹಸಿರು ಹಸಿರಾಗಿಯೇ ಜೋತುಬೀಳುತ್ತದೆ. ನೀರು ಸಾಲದೇನೋ ಅಂದುಕೊಂಡು ಬೆಳೆಗಾರರು ಇನ್ನಷ್ಟು ನೀರು ಬಿಡುತ್ತಾರೆ; ಆ ನೀರಿನ ಜೊತೆಗೇ ರೋಗ ಪಕ್ಕದ ಸಾಲಿಗೆ ಹರಿಯುತ್ತದೆ. ಸತ್ತ ಗಿಡದ ಕಾಂಡ ಕೊಯ್ದು ಗಾಜಿನ ಲೋಟದ ನೀರಿನಲ್ಲಿ ಅಲುಗಾಡದಂತೆ ಹಿಡಿದರೆ, ಕೊಯ್ದ ಬಾಯಿಂದ ಹಾಲಿನಂಥ ಎಳೆಯೊಂದು ಮೆಲ್ಲಗೆ ಕೆಳಗಿಳಿಯುತ್ತದೆ. ಅದೇ ದುಂಡಾಣು, ಲೆಕ್ಕವಿಲ್ಲದಷ್ಟು. ಗಿಡ ನೀರು ಕುಡಿಯುವ ನಾಳಗಳಲ್ಲೇ ಅದು ತುಂಬಿಕೊಂಡು ಕೂತುಬಿಡುತ್ತದೆ. ಅದಕ್ಕೆ ಔಷಧಿ ಇಲ್ಲ, ಒಮ್ಮೆ ಮಣ್ಣು ಹೊಕ್ಕರೆ ವರ್ಷಗಟ್ಟಲೆ ಬಿಟ್ಟು ಹೋಗುವುದೂ ಇಲ್ಲ. ಉಳಿದ ಆಸೆ ಒಂದೇ. ಟೊಮೆಟೊಗೆ ಕಾಡಿನಲ್ಲಿ ದಾಯಾದಿಗಳಿದ್ದಾವೆ. ಕಲ್ಲುಗುಡ್ಡಗಳಲ್ಲಿ ಯಾರೂ ನೀರು ಹಾಕದೆ, ಗೊಬ್ಬರ ಹಾಕದೆ, ತಮ್ಮ ಪಾಡಿಗೆ ತಾವು ಬದುಕಿರುವ ಕುರುಚಲು ಗಿಡಗಳು. ಅವುಗಳಲ್ಲಿ ಯಾವುದೋ ಒಂದಕ್ಕೆ ಈ ರೋಗವನ್ನು ತಡೆದುಕೊಳ್ಳುವ ಗುಣ ವಂಶದಿಂದಲೇ ಬಂದಿರಬಹುದು. ಅದನ್ನು ಹುಡುಕಿ, ತೋಟದ ಗಿಡದ ಜೊತೆ ಕೂಡಿಸಿ, ಆ ಗುಣವನ್ನು ಇಳಿಸಿಕೊಳ್ಳಬೇಕು.

ಹುಡುಕುವ ಕೆಲಸ ಅವಳ ಗಂಡನದು, ರೋಗ ತಗಲಿಸಿ ಪರೀಕ್ಷಿಸುವ ಕೆಲಸ ಅವಳದು.

ಇಬ್ಬರೂ ಒಂದೇ ತರಗತಿಯಲ್ಲಿ ಓದಿದವರು. ಮದುವೆಯಾದ ಮೇಲೂ ಒಬ್ಬರನ್ನೊಬ್ಬರು ಬಯ್ಯುವುದರಲ್ಲಿ ಆ ಬೆಂಚಿನ ಸಲಿಗೆ ಹಾಗೇ ಉಳಿದಿತ್ತು. ಅವನ ಅಡ್ಡಹೆಸರು ಅಲೆಮಾರಿ. ವರ್ಷದ ಬಹುಪಾಲು ದೂರದ ಗುಡ್ಡಸಾಲುಗಳಲ್ಲಿ ಕಾಡು ಗಿಡಗಳ ಬೀಜ ಆಯುತ್ತಾ ತಿರುಗುತ್ತಿದ್ದ. ಒಣಗಿಸಿದ ಬೀಜಗಳನ್ನು ಕಾಗದದ ಪೊಟ್ಟಣಗಳಲ್ಲಿ ಕಟ್ಟಿ ಕೇಂದ್ರಕ್ಕೆ ಕಳಿಸುತ್ತಿದ್ದ. ಅವನು ಆಯ್ದದ್ದು ಅವಳ ಕೈಯಲ್ಲಿ ಮೊಳೆಯುತ್ತಿತ್ತು, ಅವಳ ಕೈಯಲ್ಲೇ ಸಾಯುತ್ತಿತ್ತು.

ಕೇಂದ್ರದ ಮುಖ್ಯಸ್ಥೆ ದಪ್ಪ ಕನ್ನಡಕದ, ದಪ್ಪ ದನಿಯ ಹೆಂಗಸು. ಒಂದು ದಿನ ಹಸಿರುಮನೆಗೆ ಬಂದವರು ಸಾಲಾಗಿ ಮಲಗಿದ್ದ ಸಸಿಗಳನ್ನು ನೋಡಿ ಹೇಳಿದ್ದರು: "ತಡ್ಕೊಳ್ಳೋ ಗಿಡ ಒಂದು ಸಿಗಲಿ ಕಣಮ್ಮ. ಮಾರನೇ ದಿನವೇ ನಿನ್ನ ಗಂಡನ್ನ ಕರೆಸಿ ಬೀಜದ ಕೋಣೆಯಲ್ಲಿ ಕುರ್ಚಿ ಹಾಕಿ ಕೂರಿಸ್ತೀನಿ."

ಅವರು ಅದನ್ನು ಹೇಳಿ ಮರೆತರು. ಅವಳು ಮರೆಯಲಿಲ್ಲ. ಅಂದಿನಿಂದ ಒಂದೊಂದು ಟ್ರೇ ಸತ್ತಾಗಲೂ ಅವಳಿಗೆ ಕಂಡದ್ದು ಬಾಡಿದ ಸಸಿಯಲ್ಲ. ಗಂಡ ಇಲ್ಲದ ಇನ್ನೊಂದು ಚಳಿಗಾಲ.

ಮನೆಯಲ್ಲಿ ಇದ್ದದ್ದು ಅವಳು ಮತ್ತು ಅತ್ತೆ. ಮೂರನೇ ಮಹಡಿ, ಎರಡು ಕೋಣೆ, ಬೀದಿಯ ಕಡೆಗೊಂದು ಬಾಲ್ಕನಿ. ತೀರಿಕೊಂಡ ಮಾವ ಹಡಗಿನಲ್ಲಿ ಇಂಜಿನಿಯರ್ ಆಗಿದ್ದವರು. ಅತ್ತೆಯ ಯೌವನವೆಲ್ಲ ಹಡಗು ಬರುವುದನ್ನು ಕಾಯುವುದರಲ್ಲಿ ಕಳೆದಿತ್ತು. ಮುಪ್ಪು ಮಗನನ್ನು ಕಾಯುವುದರಲ್ಲಿ ಕಳೆಯುತ್ತಿತ್ತು. ಒಬ್ಬನೇ ಮನುಷ್ಯನಿಗಾಗಿ ಇಬ್ಬರು ಹೆಂಗಸರು ಒಂದೇ ಮನೆಯಲ್ಲಿ ಕಾಯುವುದೆಂದರೆ ಅದಕ್ಕೂ ಒಂದು ಶಿಸ್ತು ಬೇಕು. ಅವನ ಮಾತು ತೆಗೆದರೆ ಇಬ್ಬರಿಗೂ ಊಟ ಇಳಿಯುತ್ತಿರಲಿಲ್ಲ, ಅದಕ್ಕೇ ಊಟಕ್ಕೆ ಕೂತಾಗ ತೆಗೆಯುತ್ತಿರಲಿಲ್ಲ.

ಗುಡ್ಡದಲ್ಲಿ ಫೋನು ಸಿಗಬೇಕಾದರೆ ಅವನು ಒಂದು ದಿಬ್ಬ ಹತ್ತಬೇಕಿತ್ತು. ಭಾನುವಾರ ಹತ್ತುತ್ತಿದ್ದ. ಫೋನು ಮೊದಲು ಅತ್ತೆಯ ಕೈಗೆ. "ಊಟ ಆಯ್ತಾ? ಏನು ತಿಂದೆ? ಸರಿಯಾಗಿ ತಿಂದೆಯಾ?" ಎಂದು ಒಂದನ್ನೇ ಮೂರು ಸಲ ಕೇಳಿ, ಕೇಳಬೇಕಾದ್ದನ್ನೆಲ್ಲ ಬಿಟ್ಟು, ಸೊಸೆಯ ಕೈಗೆ ಕೊಟ್ಟು ಒಳಗೆ ಹೋಗುವರು. ಅವಳು ಬೀಜದ ವಿಷಯ ಕೇಳುವಳು, ಅವನು ಸಸಿಗಳ ವಿಷಯ ಕೇಳುವನು. ಆಮೇಲೆ ಇಬ್ಬರಿಗೂ ಮಾತು ನಿಲ್ಲುವುದು. ಆ ಕಡೆಯಿಂದ ಗಾಳಿಯ ಸದ್ದು ಬರುವುದು. ಅವಳು ಆ ಗಾಳಿಯನ್ನು ಕಿವಿಗೊಟ್ಟು ಕೇಳುವಳು.

"ಇದ್ದೀಯಾ?" ಅವನು ಕೇಳುವನು.

"ಇದ್ದೀನಿ."

ಅಷ್ಟರಲ್ಲಿ ಲೈನು ಕಟ್ಟಾಗುವುದು.

ಅವನು ಪೊಟ್ಟಣಗಳನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದದ್ದರಿಂದ ಕಾಗದಕ್ಕೆ ಬೆವರು, ಹೊಗೆ, ಒಣಹುಲ್ಲಿನ ವಾಸನೆ ಹತ್ತಿರುತ್ತಿತ್ತು. ತೆರೆಯುವ ಮುಂಚೆ ಅವಳು ಮೂಗಿನ ಹತ್ತಿರ ಹಿಡಿಯುವಳು. ಒಮ್ಮೆ ಮುಖ್ಯಸ್ಥೆಯೇ ಬಾಗಿಲಲ್ಲಿ ನಿಂತು ನೋಡಿಬಿಟ್ಟರು.

"ಬೀಜಕ್ಕೂ ಪರಿಮಳ ಇರುತ್ತೇನಮ್ಮ?"

"ಬೂಷ್ಟು ಹಿಡಿದಿದೆಯಾ ನೋಡ್ತಿದ್ದೆ ಮೇಡಂ."

"ಹಿಡಿದಿದೆ, ಹಿಡಿದಿದೆ," ಎಂದು ಅವರು ನಗುತ್ತಾ ಹೋದರು.

ಅವನು ರಜೆಗೆ ಬಂದಾಗಿನ ಕಥೆ ಬೇರೆ. ಬಂದ ಹೊಸತರಲ್ಲಿ ಗಂಡ ಹೆಂಡತಿ ನೆಂಟರ ಹಾಗೆ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು ಓಡಾಡುವರು. ಟವೆಲ್ ಎಲ್ಲಿದೆ ಎಂದು ಅವನು ತನ್ನ ಮನೆಯಲ್ಲೇ ಕೇಳಿ ತೆಗೆದುಕೊಳ್ಳುವನು. ಆ ಸಂಕೋಚ ಕರಗಿ, ಅವನು ಅವಳ ತಟ್ಟೆಯಿಂದ ಕೇಳದೆ ಕೈಹಾಕಿ ತಿನ್ನುವಷ್ಟು ಹತ್ತಿರವಾದ ಹೊತ್ತಿಗೆ ಹೊರಡುವ ಚೀಲ ಮಂಚದ ಮೇಲೆ ಬಂದಿರುತ್ತಿತ್ತು. ಬಿಟ್ಟು ಹೋದ ಮೇಲೆ ಅವಳು ಅವನ ಅಂಗಿಗಳನ್ನು ಒಗೆದು, ಇಸ್ತ್ರಿ ಮಾಡಿ, ಬೀರುವಿನಲ್ಲಿ ತೂಗುಹಾಕುವಳು. ಒಂದೆರಡು ವಾರ ಕಳೆದರೆ ಮಡಿಕೆ ಬಿದ್ದಿವೆ ಎಂದು ಮತ್ತೆ ತೆಗೆದು ಇಸ್ತ್ರಿ ಮಾಡುವಳು. ಅತ್ತೆ ನೋಡಿಯೂ ನೋಡದ ಹಾಗೆ ಇದ್ದುಬಿಡುವರು.

ಹೀಗಿರುವಾಗ ಒಂದು ಬೇಸಿಗೆಯಲ್ಲಿ, ಚಪ್ಪಟೆಯಾಗಿ ಮುದ್ದೆಯಾದ ಒಂದು ಪೊಟ್ಟಣ ಬಂತು. ಬೀಜ ತೀರಾ ಸಣ್ಣವು. ಮೊಳೆಯಲು ಸತಾಯಿಸಿದವು. ಬಂದ ಸಸಿಗಳೂ ಅಂದಚೆಂದದವಲ್ಲ; ಬೂದಿಬಣ್ಣ, ಮೈತುಂಬ ರೋಮ, ಮುಟ್ಟಿದರೆ ಅಂಟು. ಅವಳು ಎಲ್ಲಕ್ಕೂ ಮಾಡುವಂತೆ ಇವಕ್ಕೂ ಬೇರಿಗೆ ಗಾಯ ಮಾಡಿ ದುಂಡಾಣು ಹುಯ್ದಳು. ಪಕ್ಕದ ಟ್ರೇಯ ತೋಟದ ಟೊಮೆಟೊ ಎಂದಿನಂತೆ ಮಲಗಿತು. ಇವು ಮಲಗಲಿಲ್ಲ.

ಮೊದಲು ಅವಳಿಗೆ ಅನುಮಾನ ಬಂದದ್ದು ತನ್ನ ಮೇಲೆಯೇ. ದುಂಡಾಣು ಹುಯ್ದೆನೋ ಬರೀ ನೀರು ಹುಯ್ದೆನೋ? ಮತ್ತೆ ಹೊಸದಾಗಿ ಬೆಳೆಸಿದ ದುಂಡಾಣು ತಂದು, ಹಸಿರುಮನೆಯ ಬಿಸಿ ಹೆಚ್ಚಿಸಿ, ಇನ್ನೊಮ್ಮೆ ಹುಯ್ದಳು. ಕೆಲವು ಎಲೆ ಸಪ್ಪಗಾದವು, ಅಷ್ಟೇ. ಗಿಡ ನಿಂತೇ ಇತ್ತು. ಒಂದರ ಕಾಂಡ ಕೊಯ್ದು ಲೋಟದ ನೀರಿನಲ್ಲಿ ಹಿಡಿದಳು. ನೀರು ಕಲಕದಿರಲೆಂದು ಮೊಣಕೈಯನ್ನು ಮೇಜಿಗೆ ಒತ್ತಿಕೊಂಡಳು. ಎಷ್ಟು ಹೊತ್ತಾದರೂ ಬಿಳಿ ಎಳೆ ಇಳಿಯಲಿಲ್ಲ. ನೀರು ತಿಳಿಯಾಗಿಯೇ ಇತ್ತು. ಅವಳು ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಅತ್ತಳು.

ಭಾನುವಾರದವರೆಗೂ ಕಾಯಬೇಕಾಯಿತು.

"ನಿಂತಿದೆ," ಅಂದಳು.

"ಯಾವುದು?"

"ಆ ಬೂದಿ ಬಣ್ಣದ್ದು. ಎರಡು ಸಲ ಹುಯ್ದೆ. ಜಪ್ಪಯ್ಯ ಅಂದ್ರೂ ಬೀಳ್ತಿಲ್ಲ."

ಆ ಕಡೆ ಗಾಳಿಯ ಸದ್ದು. ಅವನು ಅಂದ: "ಹಾಗಾದ್ರೆ ನಾನು ಮನೆಗೆ ಬರಬಹುದು."

ಮುಖ್ಯಸ್ಥೆ ಮಾತಿಗೆ ತಪ್ಪಲಿಲ್ಲ. ಮಳೆಗಾಲ ಶುರುವಾಗುವ ಮುಂಚೆ ಅವನು ಬೀಜದ ಕೋಣೆಯ ಕುರ್ಚಿಯಲ್ಲಿ ಕೂತಿದ್ದ. ತಣ್ಣಗಿನ, ಕಿಟಕಿಯಿಲ್ಲದ ಕೋಣೆ. ಗೋಡೆಯುದ್ದಕ್ಕೂ ಎಳೆದು ತೆಗೆಯುವ ಸ್ಟೀಲಿನ ಖಾನೆಗಳು. ಒಳಗೆ ಹೋಗುವಾಗ ದಪ್ಪ ಕೋಟು ಹಾಕಿಕೊಳ್ಳಬೇಕು. ತಾನೇ ಆಯ್ದು ತಂದ ಬೀಜಗಳನ್ನು ತಾನೇ ಒಪ್ಪವಾಗಿ ಜೋಡಿಸುವ ಕೆಲಸ.

ಆ ಮಳೆಗಾಲ ಅವಳು ಬಯಸಿದ್ದೆಲ್ಲ ಆಯಿತು. ಸಂಜೆ ಇಬ್ಬರೂ ಒಂದೇ ಕೊಡೆಯಲ್ಲಿ ನಡೆದು ಬಂದರು. ಅವನು ಅತ್ತೆಗೆ ತರಕಾರಿ ಹೆಚ್ಚಿಕೊಟ್ಟ, ಹೆಚ್ಚಿದ್ದು ದಪ್ಪವಾಯಿತೆಂದು ಬೈಸಿಕೊಂಡ. ಮಲಗುವ ಕೋಣೆಯ ಕಿಟಕಿಯ ಮುರಿದ ಚಿಲಕ ಸರಿಹೋಯಿತು. ಬೀರುವಿನ ಅಂಗಿಗಳಿಗೆ ಮಡಿಕೆ ಬೀಳಲು ಪುರಸೊತ್ತಿರಲಿಲ್ಲ.

ಕೆಲಸವೂ ಮುಂದುವರಿಯಿತು, ಕಷ್ಟದಲ್ಲಿ. ಕಾಡು ಗಿಡದ ಪರಾಗವನ್ನು ತೋಟದ ಗಿಡದ ಹೂವಿಗೆ ಮುಟ್ಟಿಸಿದರೆ ಕಾಯಿ ಕಟ್ಟುತ್ತಿತ್ತು, ಆದರೆ ಒಳಗೆ ಬೀಜ ಪೊಳ್ಳು. ದಾಯಾದಿಗಳು ತೀರಾ ದೂರವಾದರೆ ಹೀಗಾಗುತ್ತದೆ. ಬೀಜ ಪೊಳ್ಳಾಗುವ ಮುಂಚೆಯೇ ಎಳೆಗಾಯಿ ಸೀಳಿ, ಕಣ್ಣಿಗೂ ಸರಿಯಾಗಿ ಕಾಣದ ಭ್ರೂಣವನ್ನು ಸೂಜಿಮೊನೆಯಿಂದ ಬಿಡಿಸಿ, ಸಕ್ಕರೆ ಲವಣ ಬೆರೆಸಿದ ಲೋಳೆಯ ಮೇಲಿಟ್ಟು ಸಾಕಬೇಕಿತ್ತು. ಹತ್ತು ಇಟ್ಟರೆ ಒಂದು ಉಳಿದರೆ ಹೆಚ್ಚು. ಉಳಿದವು ಗಾಜಿನ ಕೊಳವೆಯಲ್ಲಿ ಎರಡು ಎಳೆ ಎಲೆ ಬಿಟ್ಟಾಗ ಅವಳು ಗಂಡನನ್ನು ಕರೆದು ತೋರಿಸಿದಳು. "ಮೂಗು ನಿನ್ನದೇ," ಅಂದ ಅವನು. ಇಬ್ಬರೂ ನಕ್ಕರು.

ಮಳೆ ನಿಂತಿತು. ಅವನ ನಗು ಯಾವಾಗ ನಿಂತಿತೆಂದು ಅವಳಿಗೆ ಗೊತ್ತಾಗಲಿಲ್ಲ. ಬೆಳಿಗ್ಗೆ ಬೇಗ ಎದ್ದು ಬೀದಿಯ ಕೊನೆಯವರೆಗೂ ನಡೆದು, ಅಲ್ಲಿ ಸ್ವಲ್ಪ ನಿಂತು, ತಿರುಗಿ ಬರುತ್ತಿದ್ದ. ಗುಡ್ಡ ಹತ್ತುವ ಬೂಟುಗಳನ್ನು ಬಾಲ್ಕನಿಯಲ್ಲಿಟ್ಟು ಎಣ್ಣೆ ಸವರುತ್ತಿದ್ದ. ಎಲ್ಲಿಗೂ ಹೋಗದ ಬೂಟಿಗೆ ಅದೆಷ್ಟು ಎಣ್ಣೆ ಬೇಕು? ಮಾತಾಡಿಸಿದರೆ ಮಾತಾಡುತ್ತಿದ್ದ. ಕೇಳಿದರೆ ಏನೂ ಇಲ್ಲ ಅನ್ನುತ್ತಿದ್ದ. ಒಂದು ಸಂಜೆ ಅವಳು ಚಹಾ ಹಿಡಿದು ಬಾಲ್ಕನಿಗೆ ಹೋದರೆ ಅವನು ಎದುರು ಕಟ್ಟಡದ ತಾರಸಿಯ ಸಿಮೆಂಟಿನ ಬಿರುಕಿನಲ್ಲಿ ಹುಟ್ಟಿದ್ದ ಒಂದು ಕಳೆಗಿಡವನ್ನು ದಿಟ್ಟಿಸುತ್ತಾ ನಿಂತಿದ್ದ. ಚಹಾ ತೆಗೆದುಕೊಂಡ, ಕುಡಿಯಲು ಮರೆತ.

ಅವಳು ಅಡುಗೆಮನೆಗೆ ಬಂದಳು. ಅತ್ತೆ ಪಾತ್ರೆ ಒರೆಸುತ್ತಿದ್ದರು.

"ನಿಮ್ಮ ಮಾವನೂ ಹೀಗೇ ಇದ್ದರು," ಅಂದರು ಅತ್ತೆ, ತಾವಾಗಿಯೇ. "ಕೆಲಸ ಬಿಟ್ಟು ಮನೆಗೆ ಬಂದು ಕೂತ ಮೇಲೆ ನನಗೆ ಗೊತ್ತಾಯ್ತು, ಇಷ್ಟು ವರ್ಷ ನಾನು ಕಾಯ್ತಿದ್ದದ್ದು ಬೇರೆ ಯಾರನ್ನೋ ಅಂತ. ಈ ಮನುಷ್ಯನಿಗೆ ಸೋಫಾ ಮೇಲೆ ಹೇಗೆ ಕೂರೋದು ಅಂತಾನೂ ಗೊತ್ತಿರಲಿಲ್ಲ. ತುದಿಯಲ್ಲಿ ಕೂರೋರು, ಯಾರೋ ಎಬ್ಬಿಸ್ತಾರೆ ಅನ್ನೋ ಹಾಗೆ."

"ಆಮೇಲೆ ಸರಿಹೋದ್ರಾ ಅತ್ತೆ?"

"ಆಮೇಲೆ ಹೋಗೇಬಿಟ್ರು," ಎಂದು ಅತ್ತೆ ಪಾತ್ರೆಗಳನ್ನು ಗೂಡಿಗೆ ಸೇರಿಸಿದರು.

ಚಳಿಗಾಲದ ಕೊನೆಗೆ, ದೂರದ ತಗ್ಗುಸೀಮೆಯ ಬೆಳೆಗಾರನೊಬ್ಬ ಗೋಣಿಚೀಲದಲ್ಲಿ ಸತ್ತ ಗಿಡಗಳನ್ನು ತುಂಬಿಕೊಂಡು ಬಂದ. ತನ್ನ ಹೊಲದ ರೋಗ ಈ ಕಡೆಯದಕ್ಕಿಂತ ಜೋರು, ನೋಡಿ ಎಂದು ಬೇಡಿಕೊಂಡು ಹೋದ. ಅವಳು ಆ ಗಿಡಗಳಿಂದ ದುಂಡಾಣು ಬಿಡಿಸಿ ಬೆಳೆಸಿದಳು. ನೋಡಲು ಹಳೆಯದರಂತೆಯೇ ಇತ್ತು. ಅದನ್ನು ಬೂದಿಬಣ್ಣದ ಕಾಡು ಗಿಡಗಳಿಗೂ, ಅಷ್ಟು ಕಷ್ಟಪಟ್ಟು ಸಾಕಿದ ಮಿಶ್ರತಳಿಯ ಮಕ್ಕಳಿಗೂ, ಒಂದೊಂದರ ಕಡ್ಡಿಯನ್ನು ಬೇರೆ ಕುಂಡದಲ್ಲಿ ಉಳಿಸಿಕೊಂಡು, ಹುಯ್ದಳು. ಹುಯ್ಯದಿದ್ದರೆ ಆಗುತ್ತಿತ್ತು ಎಂದು ಆ ವಾರ ಅವಳಿಗೆ ಅನ್ನಿಸದೆ ಇರಲಿಲ್ಲ. ಆದರೆ ಆ ತಗ್ಗುಸೀಮೆಯಲ್ಲಿ ನಾಳೆ ಇದೇ ತಳಿ ನೆಟ್ಟವರ ಹೊಲ ಮಲಗಿದರೆ?

ಗಿಡಗಳು ಒಂದೊಂದಾಗಿ ಬಾಗಿದವು. ಹುಯ್ದವುಗಳಲ್ಲಿ ಒಂದೂ ಉಳಿಯಲಿಲ್ಲ. ರೋಗ ತಡೆಯಲು ಆ ಗಿಡದಲ್ಲಿ ಇದ್ದದ್ದು ಒಂದೇ ಬೀಗ. ಈ ದುಂಡಾಣುವಿಗೆ ಅದರ ಕೀಲಿಕೈ ಸಿಕ್ಕಿತ್ತು. ಇನ್ನೊಂದು ಬೀಗ ಬೇಕು. ಅಂದರೆ ಬೇರೆ ಮೂಲದ ಇನ್ನೊಂದು ಕಾಡು ಗಿಡ.

ಅವಳು ಊಟದ ಮೇಜಿನಲ್ಲೇ ಹೇಳಿದಳು. "ಎಲ್ಲಾ ಬಿದ್ದವು."

"ಎಲ್ಲಾ ಅಂದ್ರೆ?"

"ಎಲ್ಲಾ. ಹೊಸ ದುಂಡಾಣು ನಮ್ಮ ಗಿಡವನ್ನ ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಇನ್ನೊಂದು ಹುಡುಕಬೇಕು."

ಅವನು ಚಮಚ ಕೆಳಗಿಟ್ಟ. "ಛೆ," ಅಂದ. ದನಿಯಲ್ಲಿ ಬೇಜಾರಿತ್ತು, ಹುಬ್ಬು ಗಂಟಾಗಿತ್ತು. ಎಲ್ಲ ಸರಿಯಾಗಿಯೇ ಇತ್ತು. ಆದರೆ ಮೇಜಿನ ಅಲುಗಾಟ ಅವಳ ಮೊಣಕೈಗೆ ತಿಳಿಯಿತು. ಅತ್ತೆ ತಟ್ಟೆ ಎತ್ತಿಕೊಂಡು ಎದ್ದುಹೋದರು.

"ಖುಷಿಯಾಗಿದ್ರೆ ಖುಷಿ ಪಡು. ಛೆ ಅಂತ ಯಾಕಂತೀಯ?" ಅಂದಳು.

"ಖುಷಿಯಾಯ್ತು ಅಂತ ಯಾರು ಹೇಳಿದ್ದು ನಿನಗೆ?"

"ನಿನ್ನ ಕಾಲು. ಮೇಜಿನ ಕೆಳಗೆ ಕುಣೀತಿದೆ."

ಅವನು ಕಾಲು ನಿಲ್ಲಿಸಿದ. ಮುಖ ಕೆಂಪಗಾಗಿತ್ತು.

"ಎಷ್ಟು ವರ್ಷ ಕಾದೆ ಗೊತ್ತಾ ನಾನು?" ಅಂದಳು. "ಒಂದು ಗಿಡ ಬದುಕಲಿ ಅಂತ ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಕಾದೆ. ಈಗ ಅದು ಸತ್ತಿದ್ದಕ್ಕೆ ನೀನು ಕುಣೀತೀಯ."

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಅಲ್ಲಿದ್ದಾಗ ಮನೆ ಬೇಕು ಅಂತ ಜೀವ ಹೋಗುತ್ತೆ," ಅಂದ. "ಇಲ್ಲಿ ಬಂದ್ರೆ ಆ ಗುಡ್ಡ ಬೇಕು ಅನ್ಸುತ್ತೆ. ನನಗೆ ಎರಡೂ ಬೇಕು ಕಣೆ. ಎರಡೂ ಒಂದೇ ಕಡೆ ಇಲ್ಲ. ಏನು ಮಾಡ್ಲಿ ಹೇಳು."

ಅವಳು ಎರಡೂ ತಟ್ಟೆಗಳನ್ನು ಎತ್ತಿ ಒಳಗೆ ಒಯ್ದಳು.

ಬೆಳಿಗ್ಗೆ ಅತ್ತೆ ಅವಳ ಮುಂದೆ ಕಾಫಿ ಇಟ್ಟು ಅಂದರು: "ನೀನೂ ಜೊತೆಗೆ ಹೋಗು."

"ನಿಮ್ಮೊಬ್ಬರನ್ನೇ ಬಿಟ್ಟಾ?"

"ನನಗೇನಾಗಿದೆ ದಾಡಿ? ಗ್ಯಾಸು ಆರಿಸೋಕೆ ಬರುತ್ತೆ, ಬಾಗಿಲು ಹಾಕೋಕೆ ಬರುತ್ತೆ. ಕಾಯೋದಂತೂ ನಿನಗಿಂತ ಚೆನ್ನಾಗಿ ಬರುತ್ತೆ. ಹೋಗಿ ನೋಡ್ಕೊಂಡು ಬಾ, ಅಲ್ಲಿ ಅದೇನಿದೆ ಅಂತ."

ಮುಖ್ಯಸ್ಥೆಯೂ ಅಡ್ಡಿ ಮಾಡಲಿಲ್ಲ. "ಕೊಲೆಗಾತಿ ಇಲ್ಲದಿದ್ದರೆ ನಮ್ಮ ಗಿಡಗಳೂ ಸ್ವಲ್ಪ ದಿನ ಉಸಿರಾಡ್ತಾವೆ," ಅಂದರು.

ರೈಲು, ಆಮೇಲೆ ಬಸ್ಸು, ಆಮೇಲೆ ಬಾಗಿಲು ಸರಿಯಾಗಿ ಮುಚ್ಚದ ಒಂದು ಜೀಪು. ಗುಡ್ಡದ ಬುಡದಲ್ಲಿ ಹಗ್ಗ, ಮೊಳೆ, ಸೀಮೆಎಣ್ಣೆ ಮಾರುವ ಅಂಗಡಿಯ ಮೇಲೆ ಅವನ ಕೋಣೆ. ಒಂದು ಮಂಚ, ಒಂದು ಮೇಜು, ಬೀಜ ಒಣಗಿಸಲು ಕಿಟಕಿಗೆ ಕಟ್ಟಿದ ಜಾಳಿಗೆ. ಅಂಗಡಿಯವನು ಕೆಳಗಿನಿಂದಲೇ ಕೂಗಿ ಮಾತಾಡಿಸಿದ. ಗಂಡ ಕಿಟಕಿಯಿಂದ ಬಗ್ಗಿ, ಅವಳು ಎಂದೂ ಕೇಳದಷ್ಟು ಜೋರಾಗಿ ಉತ್ತರ ಕೊಟ್ಟು, ಜೋರಾಗಿ ನಕ್ಕ. ಅವಳು ಮಂಚದ ಮೇಲೆ ಕೂತು ಅವನ ಬೆನ್ನನ್ನು ನೋಡಿದಳು. ಕಾಲೇಜಿನ ಬೆಂಚಿನಲ್ಲಿ ತನ್ನ ಮುಂದೆ ಕೂರುತ್ತಿದ್ದ ಹುಡುಗನ ಬೆನ್ನು ಅದು. ಮನೆಯಲ್ಲಿ ಇಷ್ಟು ತಿಂಗಳು ಇದ್ದವನ ಬೆನ್ನಲ್ಲ.

ಗುಡ್ಡ ಅವಳಿಗೆ ಏದುಸಿರು ಬರಿಸಿತು. ಅವನು ಮುಂದೆ ಹೋಗಿ, ನಿಂತು, ಕೈ ಕೊಟ್ಟು, ಮತ್ತೆ ಮುಂದೆ ಹೋಗುವನು. ಬೂದಿಬಣ್ಣದ ಗಿಡ ಸಿಕ್ಕ ಜಾಗವನ್ನು ಮಗುವಿನ ತೊಟ್ಟಿಲು ತೋರಿಸುವಂತೆ ತೋರಿಸಿದ. ಬಿಸಿಲಿಗೆ ಕಾದ ಬಂಡೆಗಳ ಸಂದಿಯಲ್ಲಿ ಅವು ನೆಲಕ್ಕೆ ಒರಗಿ ಹಬ್ಬಿದ್ದವು, ಸಣ್ಣ ಹಳದಿ ಹೂ ಬಿಟ್ಟು. ಮುಟ್ಟಿದರೆ ಬೆರಳಿಗೆ ಅದೇ ಅಂಟು, ಅದೇ ಕಟು ವಾಸನೆ. ಆ ಪೊಟ್ಟಣಗಳಲ್ಲಿ ಅವಳು ಇಷ್ಟು ವರ್ಷ ಗಂಡನದೆಂದು ಮೂಸಿದ್ದರಲ್ಲಿ ಅರ್ಧ ಈ ಗಿಡದ್ದೇ ಆಗಿತ್ತು. ಅವಳಿಗೆ ನಗು ಬಂತು, ಹೇಳಲಿಲ್ಲ.

ಕೆಲವು ದಿನ ಅವನು ಗುರುತು ಹಾಕಿಕೊಂಡಿದ್ದ ಇಳಿಜಾರುಗಳನ್ನೆಲ್ಲ ಸುತ್ತಿದರು. ಹೊಸದೇನೂ ಕಾಣಲಿಲ್ಲ. ಒಂದು ಮಧ್ಯಾಹ್ನ ಅವಳು ಬಂಡೆಯ ನೆರಳಲ್ಲಿ ಕೂತು ಸುತ್ತ ನೋಡಿದಳು. ಹುಲ್ಲು, ಕಳೆ, ಪೊದೆ, ಎಲ್ಲ ಆರೋಗ್ಯವಾಗಿತ್ತು.

"ಇಲ್ಲಿ ರೋಗವೇ ಇಲ್ಲ," ಅಂದಳು.

"ಇಲ್ಲದಿದ್ರೆ ಒಳ್ಳೇದಲ್ವಾ?"

"ಒಳ್ಳೇದಲ್ಲ. ಶತ್ರುನ ಮುಖವನ್ನೇ ನೋಡದ ಗಿಡ ತಡ್ಕೊಳ್ಳೋದನ್ನ ಎಲ್ಲಿಂದ ಕಲಿಯುತ್ತೆ? ಮೊದಲನೇದು ಸಿಕ್ಕಿದ್ದು ನಮ್ಮ ಅದೃಷ್ಟ."

ಅವನ ಮುಖ ಗಂಟಿಕ್ಕಿತು. "ಅಂದ್ರೆ ಇಷ್ಟು ವರ್ಷ ನಾನು ಸುತ್ತಿದ್ದು ದಂಡವಾ?"

"ನಾನು ಹಾಗೆ ಹೇಳಿದ್ನಾ? ನೀನು ಗಿಡ ಚೆನ್ನಾಗಿರೋ ಕಡೆ ಹುಡುಕ್ತೀಯ, ಅದು ನಿನ್ನ ಕಣ್ಣು. ಗಿಡ ಕೆಟ್ಟಿರೋ ಕಡೆ ಹೋಗೋಣ, ಅದು ನನ್ನ ಕಣ್ಣು."

ಮರುದಿನ ಕೆಳಗಿನ ಕೊರಕಲಿಗೆ ಇಳಿದರು. ಅಲ್ಲಿ ಬಂಡೆಯಿಂದ ನೀರು ಜಿನುಗಿ ಮಣ್ಣು ಯಾವಾಗಲೂ ಒದ್ದೆ, ದನ ತುಳಿದು ಕೆಸರಾಗಿತ್ತು, ಗಾಳಿಯಿಲ್ಲದೆ ಧಗೆ. ಅವನು ಎಂದೂ ಕಾಲಿಡದ ಜಾಗ. ಅಲ್ಲಿನ ಕಳೆಗಿಡಗಳು ಹಸಿರಾಗಿಯೇ ತಲೆ ಬಾಗಿಸಿ ನಿಂತಿದ್ದವು. ಅವಳು ಓಡಿಹೋಗಿ ಒಂದರ ಕಾಂಡ ಕೊಯ್ದು, ನೀರಿನ ಬಾಟಲಿಯ ಬಾಯಲ್ಲಿ ಇಳಿಬಿಟ್ಟು ಬೆಳಕಿಗೆ ಹಿಡಿದಳು. ಬಿಳಿ ಎಳೆ ಸರಸರನೆ ಇಳಿಯಿತು.

"ಇದೆ! ಇಲ್ಲಿದೆ ನೋಡೋ, ಬಾ!"

"ರೋಗ ನೋಡಿ ಕುಣಿಯೋಳು ಈ ಲೋಕದಲ್ಲಿ ನೀನೊಬ್ಬಳೇ," ಎಂದು ಅವನು ಸೊಂಟದ ಮೇಲೆ ಕೈಯಿಟ್ಟು ನಕ್ಕ.

"ಈಗ ನಿನ್ನ ಕಣ್ಣು ಬೇಕು. ಇದರ ಮಧ್ಯೆ ಬದುಕಿರೋದು ಯಾವುದಿದೆ ಹುಡುಕು."

ಅವನು ಕೆಸರಿನಲ್ಲಿ ಮೊಣಕಾಲೂರಿ ಪೊದೆ ಪೊದೆಯನ್ನೂ ಸರಿಸುತ್ತಾ ಹೋದ. ಬಿಸಿಲು ಬಂಡೆಯ ಆ ಕಡೆಗೆ ಜಾರಿತು. ಅವಳು ಹಿಂದೆ ಹಿಂದೆ ಸತ್ತ ಕಳೆಗಳನ್ನು ಕೀಳುತ್ತಾ ಬಂದಳು. ಒಂದು ಮುಳ್ಳುಪೊದೆಯ ಹತ್ತಿರ ಅವನು ತಟ್ಟನೆ ನಿಂತ. ಅವಳ ಕಡೆ ತಿರುಗದೆ ಕೈ ಹಿಂದಕ್ಕೆ ಚಾಚಿದ. ಅವಳು ಬಂದು ಆ ಕೈ ಹಿಡಿದಳು. ಮುಳ್ಳಿನ ಆಸರೆಯಲ್ಲಿ, ಒದ್ದೆ ಮಣ್ಣಿನಿಂದ ನೇರ ಎದ್ದು, ಸೀಳುಸೀಳು ಎಲೆಯ ಗಿಡವೊಂದು ನಿಂತಿತ್ತು. ಬುಡದ ಸುತ್ತ ಬಾಡಿದ ಕಳೆಗಳು. ಇದರ ಒಂದು ಎಲೆಯೂ ಬಾಗಿರಲಿಲ್ಲ. ಗೊಂಚಲಲ್ಲಿ ಬಟಾಣಿಯಷ್ಟು ಹಸಿರು ಕಾಯಿ.

ಅವನ ಕೈಯ ಮಣ್ಣು ಅವಳ ಕೈಗಾಯಿತು.

ಕಾಯಿ ಇನ್ನೂ ಎಳೆಯದು. ಬೀಜ ಬಲಿಯಬೇಕಾದರೆ ಯಾರಾದರೂ ಇದ್ದು ಕಾಯಬೇಕು, ದನ ಬಾಯಿ ಹಾಕದಂತೆ ಬೇಲಿ ಕಟ್ಟಬೇಕು. ಅವಳ ರಜೆ ಮುಗಿದಿತ್ತು. ಹೊರಡುವ ಹಿಂದಿನ ಸಂಜೆ ಇಬ್ಬರೂ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದರು.

"ನೀನು ಬೇಡ ಅಂದ್ರೆ ಅಂಗಡಿಯವನಿಗೆ ವಹಿಸಿ ನಾನೂ ಬರ್ತೀನಿ," ಅಂದ ಅವನು. ನಿಜವಾಗಿಯೇ ಅಂದ; ಈ ಸಲ ಕಾಲು ಕುಣಿಯುತ್ತಿರಲಿಲ್ಲ.

ಅವಳಿಗೆ ಹೂಂ ಅನ್ನಬೇಕೆನಿಸಿತು. ಮನೆಯ ಬೀದಿ, ಒಂದೇ ಕೊಡೆ, ಬಾಲ್ಕನಿ ನೆನಪಾದವು. ಕುಡಿಯದೆ ಆರಿದ ಚಹಾ ನೆನಪಾಯಿತು.

"ಹಣ್ಣಾಗೋವರೆಗೂ ಇರು," ಅಂದಳು. "ಅಂಗಡಿಯವನು ತನ್ನ ಹಗ್ಗ, ಮೊಳೆ ಕಾಯಲಿ."

ಬಸ್ಸಿನ ಕಿಟಕಿಯಿಂದ ಅವಳು ಹಿಂತಿರುಗಿ ನೋಡಿದಾಗ ಅವನು ಧೂಳಿನಲ್ಲಿ ಕೈ ಎತ್ತಿ ನಿಂತಿದ್ದ. ಇಷ್ಟು ವರ್ಷ ಅವನು ಹೋಗುವುದನ್ನು ಅವಳು ನೋಡಿದ್ದಳು. ತಾನು ಹೋಗುವುದನ್ನು ಅವನು ನೋಡುತ್ತಾ ನಿಲ್ಲುವುದು ಇದೇ ಮೊದಲು. ಇದು ಅದಕ್ಕಿಂತ ಹಗುರವೇನೂ ಆಗಿರಲಿಲ್ಲ.

ಮನೆಗೆ ಬಂದಾಗ ಅತ್ತೆ ಚೀಲ ಇಳಿಸಲೂ ಬಿಡಲಿಲ್ಲ. ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. ಎಲ್ಲಿ ಮಲಗುತ್ತಾನೆ, ಹೊದಿಕೆ ದಪ್ಪಗಿದೆಯಾ, ಬಟ್ಟೆ ಯಾರು ಒಗೆಯುತ್ತಾರೆ, ಕಿಟಕಿಯಿಂದ ಏನು ಕಾಣುತ್ತೆ. ಅವಳು ಒಂದೊಂದಾಗಿ ಹೇಳುತ್ತಾ ಹೋದಳು.

"ಅಲ್ಲಿ ನಗ್ತಾನಾ?"

"ನಗ್ತಾನೆ ಅತ್ತೆ. ಜೋರಾಗಿ. ಕೆಳಗಿನ ಅಂಗಡಿಗೆ ಕೇಳಿಸೋ ಹಾಗೆ."

ಅತ್ತೆ ಅವಳ ಚೀಲವನ್ನು ಗೋಡೆಗೆ ಒರಗಿಸಿದರು. "ನಿಮ್ಮ ಮಾವ ಇಳೀತಿದ್ದ ಬಂದರುಗಳ ಹೆಸರೆಲ್ಲ ನನಗೆ ಬಾಯಿಪಾಠ. ಒಂದನ್ನೂ ನೋಡಲಿಲ್ಲ ನಾನು. ಅಲ್ಲಿ ಅವರು ನಗ್ತಿದ್ರೋ ಏನೋ," ಅಂದರು. ಆಮೇಲೆ ಎದ್ದು, "ಕೈಕಾಲು ತೊಳ್ಕೊ ಹೋಗು," ಎಂದು ಅಡುಗೆಮನೆಗೆ ನಡೆದರು.

ಮಳೆಗಾಲದಲ್ಲಿ ಬೀಜ ಬಂತು. ಎರಡೂ ದುಂಡಾಣುಗಳನ್ನು ಬೆರೆಸಿ ಹುಯ್ದರೂ ಆ ಸಸಿಗಳಲ್ಲಿ ಹೆಚ್ಚಿನವು ನಿಂತವು. ಅದೃಷ್ಟಕ್ಕೆ ಈ ದಾಯಾದಿ ಅಷ್ಟು ದೂರದವನಲ್ಲ. ತೋಟದ ಗಿಡದ ಜೊತೆ ತಕರಾರಿಲ್ಲದೆ ಕೂಡಿಕೊಂಡ. ಒಂದು ಮುರಿದರೂ ಇನ್ನೊಂದು ಇರಲೆಂದು ಎರಡು ಬೀಗವನ್ನೂ ಒಂದೇ ಗಿಡದಲ್ಲಿ ಕೂಡಿಸಿ, ಕಾಡಿನ ಕಹಿಯನ್ನು ತಲೆಮಾರಿನಿಂದ ತಲೆಮಾರಿಗೆ ಕಳೆಯುತ್ತಾ ಬರುವುದಕ್ಕೆ ವರ್ಷಗಳೇ ಹಿಡಿದವು. ಕೊನೆಗೆ ಆ ತಗ್ಗುಸೀಮೆಯ ಬೆಳೆಗಾರನ ಹೊಲದಲ್ಲಿ ಮೊದಲ ಸಾಲು ನೆಟ್ಟರು. ಸುತ್ತ ಅವನ ಹಳೆಯ ತಳಿ ಮಲಗಿದಾಗಲೂ ಆ ಸಾಲು ಹಣ್ಣು ಹೊತ್ತು ನಿಂತಿತ್ತು. ಬೆಳೆಗಾರ ಸಾಲಿನ ಈ ತುದಿಯಿಂದ ಆ ತುದಿಗೆ ನಡೆದು, ಏನು ಹೇಳಬೇಕೋ ತೋಚದೆ, ಮತ್ತೆ ಆ ತುದಿಯಿಂದ ಈ ತುದಿಗೆ ನಡೆದ.

ಮುಖ್ಯಸ್ಥೆ ನಿವೃತ್ತರಾಗುವ ಮುಂಚೆ ಅವಳನ್ನು ಕರೆದು ಕೇಳಿದರು: "ಬೀಜದ ಕೋಣೆಯ ಕುರ್ಚಿ ಖಾಲಿ ಇದೆಯಲ್ಲ. ಅವನನ್ನ ಕರೆಸ್ಲಾ?"

"ಬದನೆಗೂ ಇದೇ ರೋಗ ಇದೆ ಮೇಡಂ," ಅಂದಳು ಅವಳು. "ಅದರ ದಾಯಾದಿಗಳನ್ನ ಇನ್ನೂ ಯಾರೂ ಸರಿಯಾಗಿ ಹುಡುಕಿಲ್ಲ."

ಅವರು ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. "ನೀನೇ ಹೇಳ್ತಿದ್ದೀಯ."

"ಹೂಂ. ನಾನೇ."

ಈಗ ಅವಳು ಪ್ರತಿ ವರ್ಷ ಕಾಯಿ ಕಟ್ಟುವ ಕಾಲಕ್ಕೆ ಗುಡ್ಡಕ್ಕೆ ಹೋಗುತ್ತಾಳೆ. ಅವನು ಮಳೆಗಾಲಕ್ಕೆ ಮನೆಗೆ ಬರುತ್ತಾನೆ. ಉಳಿದ ತಿಂಗಳುಗಳಿಗೆ ಅವಳ ಹತ್ತಿರ ಮದ್ದಿಲ್ಲ. ಒಂದು ಬದಲಾವಣೆ ಎಂದರೆ, ಮೊದಲು ಬರೀ ಶೂನ್ಯದ ಕಡೆ ಮುಖ ಮಾಡಿ ಕಾಯುತ್ತಿದ್ದಳು. ಈಗ ಅವನು ಕೂತಿರುವ ಮೆಟ್ಟಿಲೂ, ಅವನ ಕಿಟಕಿಗೆ ಬಿಸಿಲು ಬೀಳುವ ಹೊತ್ತೂ ಗೊತ್ತಿರುವುದರಿಂದ ನೋವಿಗೆ ಒಂದು ವಿಳಾಸ ಸಿಕ್ಕಿದೆ.

ಈ ವರ್ಷ ಅಲ್ಲಿ ಚಳಿ ಹೆಚ್ಚಾಗಿ ಹೂ ತಡವಾಯಿತು. ಇನ್ನೂ ಮೊಗ್ಗೇ ಇದೆ, ಈಗಲೇ ಬಂದು ಏನು ಮಾಡ್ತೀಯ, ಎಂದು ಅವನು ಫೋನಿನಲ್ಲಿ ಹೇಳಿದ. ಅವಳ ಚೀಲ ಆಗಲೇ ತುಂಬಿ ಬಾಗಿಲ ಪಕ್ಕ ಕೂತಿತ್ತು. ಅತ್ತೆ ಮಗನಿಗೆಂದು ಹೆಣೆದ ಉಣ್ಣೆಯ ಕಾಲುಚೀಲ ಮೇಲೆಯೇ ಕಾಣುತ್ತಿತ್ತು. ಅವಳು ಚೀಲವನ್ನು ಬಿಚ್ಚಲಿಲ್ಲ. ಅದನ್ನು ದಾಟಿಕೊಂಡು ಬಾಗಿಲು ತೆಗೆದು, ಕೆಲಸಕ್ಕೆ ಹೊರಟಳು. ಹಸಿರುಮನೆಯಲ್ಲಿ ಬದನೆಯ ಹೊಸ ಸಸಿಗಳು ನಾಲ್ಕೆಲೆ ಬಿಟ್ಟಿದ್ದವು.